ಸ್ಕಾಲರ್‌ಶಿಪ್ ಹುಡುಕೋ ಕೆಲಸ ಯಾರದು?

ಗೆಳೆಯರೇ, ಈ ಕಡೆ ತಲೆ ಹಾಕದೆ ಎರಡು ತಿಂಗಳ ಮೇಲಾಯ್ತು. ಒಂದು ರಿಲೀಸು, ಅದರ ಬೆನ್ನಿಗೇ ಬಗ್ಗು, ಆ ಬಗ್ಗಿಗೋಸ್ಕರ ಮತ್ತೊಂದು ರಿಲೀಸು... ನಮ್ಮ ಕಸುಬಿನ ಪಾಡು ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿದ್ದದ್ದೇ. ಇವತ್ತು ಬರೆಯೋಕೆ ಕೂತ ವಿಷಯ ಸ್ವಲ್ಪ ಒಣ, ಬರಹವೂ ಸ್ವಲ್ಪ ಉದ್ದ. ಆದರೂ ನಿಮ್ಮ ಮನೆಯಲ್ಲೋ, ಬೀದಿಯಲ್ಲೋ, ಊರಲ್ಲೋ ಕಾಲೇಜಿಗೆ ಹೋಗೋ ಒಂದು ಹುಡುಗನೋ ಹುಡುಗಿಯೋ ಇದ್ದೇ ಇರುತ್ತೆ. ಅವರಿಗೋಸ್ಕರ ಕೊನೆ ತನಕ ಓದಿ.

ವಿಷಯ ಏನಪ್ಪಾ ಅಂದ್ರೆ, ಸರ್ಕಾರಿ ವಿದ್ಯಾರ್ಥಿವೇತನ.

ನನ್ನ ವಾದವನ್ನು ಮೊದಲೇ ಹೇಳಿಬಿಡ್ತೀನಿ. ಸ್ಕಾಲರ್‌ಶಿಪ್ಪನ್ನು ವಿದ್ಯಾರ್ಥಿ ಹುಡುಕಿಕೊಂಡು ಹೋಗಬಾರದು, ಸ್ಕಾಲರ್‌ಶಿಪ್ಪೇ ವಿದ್ಯಾರ್ಥಿಯನ್ನು ಹುಡುಕಿಕೊಂಡು ಬರಬೇಕು. ಅದಕ್ಕೆ ಬೇಕಾದ ಮಾಹಿತಿ ಬಹುಪಾಲು ಈಗಾಗಲೇ ಸರ್ಕಾರದ ಹತ್ತಿರ ಇದೆ. ಇದ್ದೂ ಅದನ್ನೇ ಹುಡುಗರ ಕೈಲಿ ವರ್ಷ ವರ್ಷ ಟೈಪ್ ಮಾಡಿಸೋದು, ಒಂದಕ್ಷರ ತಪ್ಪಿದ್ರೆ ತಳ್ಳಿಹಾಕೋದು ಬರೀ ಸೋಮಾರಿತನ ಅಂತ ನನಗೆ ಅನ್ನಿಸಲ್ಲ. ಗೊತ್ತಿಲ್ಲದವರು ಕೇಳಲ್ಲ, ಕೇಳದವರಿಗೆ ಕೊಡಬೇಕಾಗಿಲ್ಲ. ಈ ಲೆಕ್ಕದಲ್ಲಿ ಖಜಾನೆಗೆ ಉಳಿತಾಯ ಆಗುತ್ತೆ. ಅದೇ ನನ್ನ ಅನುಮಾನ.

"ಏನಯ್ಯಾ, ಪುಕ್ಕಟೆ ದುಡ್ಡು ಕೊಡೋವಾಗ ಹುಡುಕಿಕೊಂಡು ಹೋಗೋಕೂ ಆಗಲ್ವಾ?" ಅಂತ ಆಫೀಸಿನ ಊಟದ ಟೇಬಲ್ಲಿನಲ್ಲಿ ಒಬ್ಬರು ಕೇಳಿದ್ರು. ಮೊದಲು ಈ 'ಪುಕ್ಕಟೆ' ಅನ್ನೋ ಮಾತನ್ನೇ ಎತ್ತಿಕೊಳ್ತೀನಿ.

ಅಂಬೇಡ್ಕರ್ ಅವರು 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿದ್ದು ಬರೋಡಾದ ಸಯಾಜಿರಾವ್ ಗಾಯಕವಾಡರ ಸಂಸ್ಥಾನ ಕೊಟ್ಟ ವಿದ್ಯಾರ್ಥಿವೇತನದಲ್ಲಿ. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಆ ಹಣ ಬರದೇ ಇದ್ದಿದ್ರೆ ಈ ದೇಶದ ಚರಿತ್ರೆ ಹೇಗಿರುತ್ತಿತ್ತು ಅಂತ ಒಂದು ಸಲ ಯೋಚನೆ ಮಾಡಿ. ಮುಂದೆ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕೂತಾಗ ತಮ್ಮ ಜನರ ಓದಿಗೆ ಸರ್ಕಾರ ದುಡ್ಡು ಇಡಬೇಕು ಅಂತ ಪಟ್ಟು ಹಿಡಿದರು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಗಿದ್ದು 1944ರಲ್ಲಿ. ಸ್ವಾತಂತ್ರ್ಯಕ್ಕಿಂತ ಮೂರು ವರ್ಷ ಹಿರಿಯ ಯೋಜನೆ ಇದು.

ನಮ್ಮ ಮೈಸೂರು ಸಂಸ್ಥಾನವೂ ಹಿಂದೆ ಬಿದ್ದಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಕ ಆಯ್ತು. ಮರುವರ್ಷ ವರದಿ ಕೊಟ್ಟಿತು. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಸಮುದಾಯಗಳು ಕಾಣಿಸಬೇಕಾದರೆ ಅವರ ಮಕ್ಕಳ ಓದಿಗೆ ಮೊದಲು ಆಸರೆ ಕೊಡಬೇಕು ಅನ್ನೋದು ಅದರ ತಿರುಳು. ಅಂದರೆ ನೂರು ವರ್ಷಕ್ಕೂ ಹಿಂದೆಯೇ ನಮ್ಮವರು ಒಪ್ಪಿಕೊಂಡ ಮಾತು: ಓದೋ ಹುಡುಗರ ಖರ್ಚಿನಲ್ಲಿ ಒಂದು ಪಾಲು ರಾಜ್ಯ ಹೊರಬೇಕು. ಅದು ದಾನ ಅಲ್ಲ, ಬಾಕಿ. ಬಾಕಿ ತೀರಿಸೋನು ಸಾಲ ಕೊಟ್ಟವನ ಮನೆ ಹುಡುಕಿಕೊಂಡು ಹೋಗಬೇಕಾ, ಸಾಲ ಕೊಟ್ಟವನೇ ಇವನ ಮನೆ ಸುತ್ತಬೇಕಾ? ನೀವೇ ಹೇಳಿ.

ಸರಿ, ಈಗ ಸುತ್ತಾಟದ ಕಥೆಗೆ ಬರೋಣ.

ನನ್ನ ಚಿಕ್ಕಪ್ಪನ ಮಗಳು ಇಂಜಿನಿಯರಿಂಗ್ ಎರಡನೇ ವರ್ಷ ಓದ್ತಾ ಇದ್ದಾಳೆ. ಚಿಕ್ಕಪ್ಪ ಗಾರೆ ಕೆಲಸ ಮಾಡ್ತಾರೆ, ಹೆಸರಿಗೆ ಒಂದೂವರೆ ಎಕರೆ ಖುಷ್ಕಿ ಇದೆ. ಮೊನ್ನೆ ಫೋನ್ ಮಾಡಿ ಅವಳು ಕೇಳಿದ್ದು ಒಂದೇ ಪ್ರಶ್ನೆ:

"ಅಣ್ಣಾ, ನಾನು ಯಾವುದ್ರಲ್ಲಿ ಬರ್ತೀನಿ?"

ಎಷ್ಟು ಸರಿಯಾದ ಪ್ರಶ್ನೆ ನೋಡಿ! ಸರ್ಕಾರದ ಕಣ್ಣಿಗೆ ಅವಳು ಒಬ್ಬ ವಿದ್ಯಾರ್ಥಿನಿ ಅಲ್ಲ, ನಾಲ್ಕು ಜನ. ಜಾತಿ ಪ್ರಮಾಣಪತ್ರದ ಪ್ರಕಾರ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಹುಡುಗಿ. ಅಪ್ಪನ ಕಾರ್ಮಿಕ ಕಾರ್ಡಿನ ಪ್ರಕಾರ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಹುಡುಗಿ. ಪಹಣಿ ಪ್ರಕಾರ ರೈತನ ಮಗಳು. ಎಐಸಿಟಿಇ ಮಾನ್ಯತೆಯ ಕಾಲೇಜಿನಲ್ಲಿ ಓದೋ ಹೆಣ್ಣುಮಗಳಾದ್ದರಿಂದ ದೆಹಲಿಯ 'ಪ್ರಗತಿ' ಯೋಜನೆಗೂ ಸಲ್ಲುವವಳು. ನಾಲ್ಕಕ್ಕೂ ನಾಲ್ಕು ನಿಯಮ, ನಾಲ್ಕು ಕೊನೇ ದಿನಾಂಕ. ಒಂದು ತಗೊಂಡ್ರೆ ಸಾಮಾನ್ಯವಾಗಿ ಇನ್ನೊಂದು ತಗೊಳ್ಳೋ ಹಾಗಿಲ್ಲ, ಕೆಲವಕ್ಕೆ ಮಾತ್ರ ವಿನಾಯಿತಿ. ಯಾವುದಕ್ಕೆ ಹಾಕಿದ್ರೆ ಹೆಚ್ಚು ಅನುಕೂಲ ಅಂತ ಲೆಕ್ಕ ಹಾಕಿ ಹೇಳೋರು ಯಾರೂ ಇಲ್ಲ. ಕಾಲೇಜಿನ ಕಚೇರಿಯಲ್ಲಿ ಕೇಳಿದ್ದಕ್ಕೆ "ನೋಟೀಸ್ ಬೋರ್ಡ್ ನೋಡಮ್ಮ" ಅಂದ್ರಂತೆ. ಬೋರ್ಡಿನಲ್ಲಿದ್ದ ನೋಟೀಸು ಹಿಂದಿನ ವರ್ಷದ್ದು.

ಹಾಗಂತ ಬರೀ ಬೈಯೋದು ನ್ಯಾಯ ಅಲ್ಲ. ನಾನು ಓದುವಾಗ, ಅಂದ್ರೆ 2014ರಿಂದ 2018ರವರೆಗೆ, ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಕೊಂಡು, ಗೆಜೆಟೆಡ್ ಅಧಿಕಾರಿಯ ಸಹಿಗೆ ಕಾದು, ತಾಲ್ಲೂಕು ಕಚೇರಿಗೂ ಕಾಲೇಜಿಗೂ ಅಲೆಯೋದಿತ್ತು. ಆಮೇಲೆ ಎಸ್‌ಎಸ್‌ಪಿ, ಅಂದ್ರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಬಂತು. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಹೀಗೆ ಬೇರೆ ಬೇರೆ ಇಲಾಖೆಗಳ ಅರ್ಜಿ ಒಂದೇ ಬಾಗಿಲಿಗೆ ಬಂತು. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹಾಕಿದ್ರೆ ವಿವರ ತಾನಾಗೇ ಬರುತ್ತೆ. ಎಸ್‌ಎಸ್‌ಎಲ್‌ಸಿ ನೋಂದಣಿ ಸಂಖ್ಯೆ ಹಾಕಿದ್ರೆ ಹೆಸರು ಬರುತ್ತೆ. ಹಣ ನೇರ ಖಾತೆಗೆ. ಒಳ್ಳೆ ಕೆಲಸ, ಒಪ್ಪಿಕೊಳ್ಳಲೇಬೇಕು. ಕೇಂದ್ರದ ಮಟ್ಟದಲ್ಲಿ 2015ರಿಂದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಅಂತ ಇನ್ನೊಂದು ಬಾಗಿಲಿದೆ.

ಆದರೆ ಬಾಗಿಲು ಒಂದಾದ ಮಾತ್ರಕ್ಕೆ ಬಾಗಿಲು ಎಲ್ಲಿದೆ ಅಂತ ಗೊತ್ತಾಗಬೇಕಲ್ಲ?

ಒಂದು ಉದಾಹರಣೆ ಕೊಡ್ತೀನಿ. ಕೇಂದ್ರ ಶಿಕ್ಷಣ ಸಚಿವಾಲಯದ ಒಂದು ಯೋಜನೆ ಇದೆ. ಯಾವ ಜಾತಿಯವರಾದರೂ ಅರ್ಜಿ ಹಾಕಬಹುದಾದ, ಪಿಯುಸಿ ಅಂಕದ ಮೇಲೆ ಪದವಿ ವಿದ್ಯಾರ್ಥಿಗಳಿಗೆ ಕೊಡೋ ವಿದ್ಯಾರ್ಥಿವೇತನ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 82,000 ಹೊಸಬರಿಗೆ, ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ. ಕುಟುಂಬದ ಆದಾಯ ನಾಲ್ಕೂವರೆ ಲಕ್ಷದ ಒಳಗಿರಬೇಕು. ಇನ್ನೊಂದು ಷರತ್ತು, ಬೋರ್ಡ್ ಪರೀಕ್ಷೆಯಲ್ಲಿ 80ನೇ ಪರ್ಸೆಂಟೈಲಿಗಿಂತ ಮೇಲಿರಬೇಕು. ನಮ್ಮ ಹುಡುಗರು ಇದನ್ನು "ಶೇಕಡಾ 80 ಅಂಕ" ಅಂತ ಓದಿಕೊಳ್ತಾರೆ. ಪರ್ಸೆಂಟೈಲು ಅಂದ್ರೆ ನಿನ್ನ ಅಂಕ ಎಷ್ಟು ಅಂತಲ್ಲ ಮಾರಾಯ, ನಿನ್ನ ಜೊತೆ ಬರೆದವರಲ್ಲಿ ಎಷ್ಟು ಜನಕ್ಕಿಂತ ನೀನು ಮುಂದಿದ್ದೀಯ ಅಂತ. ನೂರರಲ್ಲಿ ಮೇಲಿನ ಇಪ್ಪತ್ತು ಜನರಲ್ಲಿ ಒಬ್ಬನಾದರೆ ಸಾಕು. ಕಡಿಮೆ ಅಂಕ ಬಂದ ವರ್ಷ, ಕಷ್ಟದ ವಿಭಾಗದಲ್ಲಿ, ಎಂಬತ್ತಕ್ಕಿಂತ ಕಡಿಮೆ ಬಂದವನೂ ಅದರೊಳಗೆ ಇರಬಹುದು. ಒಂದು ಪದ ಅರ್ಥ ಆಗದೆ ವರ್ಷಕ್ಕೆ ಹನ್ನೆರಡು ಸಾವಿರ ಕಳಕೊಳ್ಳೋದು ಅಂದ್ರೆ! ಆ ಪದವನ್ನು ಕನ್ನಡದಲ್ಲಿ ಎರಡು ಸಾಲಲ್ಲಿ ಬಿಡಿಸಿ ಹೇಳೋ ಒಂದು ಚೀಟಿಯನ್ನು ಪಿಯುಸಿ ಅಂಕಪಟ್ಟಿಯ ಜೊತೆಗೇ ಇಟ್ಟು ಕೊಟ್ಟಿದ್ರೆ ಏನಾಗ್ತಿತ್ತು?

'ಪ್ರಗತಿ' ಇನ್ನೊಂದು. ತಾಂತ್ರಿಕ ಡಿಪ್ಲೊಮಾ ಅಥವಾ ಪದವಿಗೆ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂಪಾಯಿ. ಆದಾಯ ಮಿತಿ 8 ಲಕ್ಷ, ಒಂದು ಮನೆಯಿಂದ ಇಬ್ಬರಿಗೆ ತನಕ. ಅಂಗವಿಕಲ ವಿದ್ಯಾರ್ಥಿಗಳಿಗೆ ಇದೇ ಥರ 'ಸಕ್ಷಮ್' ಇದೆ. ಇದಕ್ಕೆ ಕೋರ್ಸಿನ ಮೊದಲನೇ ವರ್ಷದಲ್ಲೇ ಅರ್ಜಿ ಹಾಕಬೇಕು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರು ಆ ವರ್ಷ ಹಾಕಬೇಕು. ನನ್ನ ತಂಗಿಗೆ ಇದು ಗೊತ್ತಾಗಿದ್ದು ಎರಡನೇ ವರ್ಷದ ಮಧ್ಯದಲ್ಲಿ. ಮೊದಲ ವರ್ಷ ಅವಳ ಕಾಲೇಜಿನಲ್ಲಿ ಯಾರೂ ಆ ಹೆಸರನ್ನೇ ಎತ್ತಿರಲಿಲ್ಲ. ಆಯ್ಕೆ ಅಂಕದ ಮೇಲೆ ಆಗುತ್ತೆ, ಹಾಕಿದ್ರೂ ಸಿಗುತ್ತಿತ್ತು ಅಂತ ಹೇಳೋಕಾಗಲ್ಲ. ಆದರೆ ಹಾಕೋ ಅವಕಾಶವೇ ಹೋಯ್ತಲ್ಲ.

ಇನ್ನು ಬಾಗಿಲು ಸಿಕ್ಕಿದ ಮೇಲಿನ ಕಥೆ. ನಾವು ಪ್ರೋಗ್ರಾಮರ್‌ಗಳಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಎರಡು ದತ್ತಾಂಶ ಜೋಡಿಸೋವಾಗ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸೋನಿಗಿಂತ ದೊಡ್ಡ ಹೊಸಬ ಇನ್ನೊಬ್ಬ ಇಲ್ಲ. ನಮ್ಮ ಹೆಸರುಗಳ ಪಾಡು ನೋಡಿ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಇನಿಷಿಯಲ್ ಕೊನೆಗೆ, ಆಧಾರಿನಲ್ಲಿ ಮೊದಲಿಗೆ. ಒಂದು ಕಡೆ ಅಪ್ಪನ ಹೆಸರು ಪೂರ್ತಿ, ಇನ್ನೊಂದು ಕಡೆ ಬರೀ ಒಂದಕ್ಷರ. 'ಲಕ್ಷ್ಮಿ'ಯನ್ನು ಇಂಗ್ಲಿಷಿನಲ್ಲಿ ಬರೆಯೋವಾಗ ಒಬ್ಬ ಗುಮಾಸ್ತ ಎಕ್ಸ್ ಹಾಕಿರ್ತಾನೆ, ಇನ್ನೊಬ್ಬ ಕೆಎಸ್‌ಎಚ್ ಹಾಕಿರ್ತಾನೆ. ಕನ್ನಡದಲ್ಲಿ ಒಂದೇ ಹೆಸರು, ಗಣಕಕ್ಕೆ ಇಬ್ಬರು ಹುಡುಗಿಯರು. ತಪ್ಪು ಮಾಡಿದ್ದು ಗುಮಾಸ್ತ, ತಿದ್ದಿಸೋಕೆ ದಿನದ ಕೂಲಿ ಬಿಟ್ಟು ಆಧಾರ್ ಕೇಂದ್ರದ ಮುಂದೆ ಸಾಲು ನಿಲ್ಲೋದು ಅಪ್ಪ.

ಖಾತೆಯ ಕಥೆ ಇದಕ್ಕಿಂತ ಮಜಾ. "ಬ್ಯಾಂಕ್ ಖಾತೆಗೆ ಆಧಾರ್ ಲಿಂಕ್ ಆಗಿದೆ" ಅಂತ ಬ್ಯಾಂಕಿನವರು ಹೇಳೋದೂ, ಸ್ಕಾಲರ್‌ಶಿಪ್ ಹಣ ಬರೋದಕ್ಕೆ ಎನ್‌ಪಿಸಿಐ ಪಟ್ಟಿಯಲ್ಲಿ ಆ ಖಾತೆ ಸೇರಿರೋದೂ ಬೇರೆ ಬೇರೆ. ಮೊದಲನೆಯದು ನಿಮ್ಮ ಗುರುತಿಗೆ. ಎರಡನೆಯದು ನಿಮ್ಮ ಆಧಾರ್ ಸಂಖ್ಯೆಗೆ ಬಂದ ಸರ್ಕಾರಿ ಹಣ ಯಾವ ಬ್ಯಾಂಕಿಗೆ ಹೋಗಬೇಕು ಅನ್ನೋದಕ್ಕೆ. ಆ ಪಟ್ಟಿಯಲ್ಲಿ ಒಂದು ಆಧಾರಿಗೆ ಒಂದೇ ಬ್ಯಾಂಕು, ಕೊನೆಗೆ ಯಾವುದನ್ನು ಸೇರಿಸಿದ್ರೋ ಅದು. ನನ್ನ ತಂಗಿಯ ಮೊದಲ ವರ್ಷದ ಹಣ "ಸಂದಾಯವಾಗಿದೆ" ಅಂತ ತೋರಿಸ್ತಿತ್ತು, ಪಾಸ್‌ಬುಕ್ಕಿನಲ್ಲಿ ಮಾತ್ರ ಇಲ್ಲ. ನಾಲ್ಕು ತಿಂಗಳು ಹುಡುಕಿದ್ವಿ. ಕೊನೆಗೆ ಸಿಮ್ ಕೊಂಡಾಗ ಅಂಗಡಿಯವನು ಬೆರಳೊತ್ತಿಸಿಕೊಂಡು ತೆರೆದಿದ್ದ ಇನ್ಯಾವುದೋ ಖಾತೆಯಲ್ಲಿ ದುಡ್ಡು ತಣ್ಣಗೆ ಮಲಗಿತ್ತು. ಅಂಥ ಖಾತೆ ಒಂದಿದೆ ಅಂತಲೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾಲ್ಕು ತಿಂಗಳಿಗೆ ಏನಾಗುತ್ತೆ ಅಂತ ಕೇಳಬೇಡಿ. ಲೆಕ್ಕ ಹಾಕಿ. ಕಾಲೇಜಿನ ಶುಲ್ಕ ಸೇರೋವಾಗಲೇ ಕಟ್ಟಬೇಕು, ಸ್ಕಾಲರ್‌ಶಿಪ್ ಬರೋದು ಆ ವರ್ಷ ಮುಗಿಯೋ ಹೊತ್ತಿಗೆ ಅಥವಾ ಮುಗಿದ ಮೇಲೆ. ನಡುವಿನ ತಿಂಗಳುಗಳಿಗೆ ಊರಲ್ಲಿ ಸಾಲ ಸಿಗೋದು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ, ಅದೂ ತಿಂಗಳಿಗೆ. 30,000 ಸಾಲ ಮಾಡಿದ್ರೆ ತಿಂಗಳಿಗೆ 900. ಹತ್ತು ತಿಂಗಳಿಗೆ 9,000. ಆಮೇಲೆ 12,000 ಸ್ಕಾಲರ್‌ಶಿಪ್ ಬಂದ್ರೆ ಅದರಲ್ಲಿ ಮುಕ್ಕಾಲು ಪಾಲು ಬಡ್ಡಿಗೇ ಹೋಯ್ತು. ಸರ್ಕಾರ ಕೊಟ್ಟ ಲೆಕ್ಕದಲ್ಲಿ 12,000, ಹುಡುಗಿಗೆ ತಲುಪಿದ್ದು 3,000. ಮಿಕ್ಕಿದ್ದು ಸಾಹುಕಾರನ ವಿದ್ಯಾರ್ಥಿವೇತನ!

ಇನ್ನು ಆದಾಯ ಮಿತಿ. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಯೋಜನೆಯನ್ನು ಕೇಂದ್ರ ಸಂಪುಟ 2020ರ ಡಿಸೆಂಬರ್‌ನಲ್ಲಿ ಪರಿಷ್ಕರಿಸಿತು. ಐದು ವರ್ಷಕ್ಕೆ 59,048 ಕೋಟಿ ರೂಪಾಯಿ, ಅದರಲ್ಲಿ ಶೇಕಡಾ 60 ಕೇಂದ್ರದ್ದು, ಕೇಂದ್ರದ ಪಾಲು ನೇರ ವಿದ್ಯಾರ್ಥಿಯ ಖಾತೆಗೆ. ಅಲ್ಲಿಯವರೆಗೆ ರಾಜ್ಯಗಳ ಮೇಲೆಯೇ ಹೆಚ್ಚಿನ ಹೊರೆ ಬಿದ್ದು ಯೋಜನೆ ಸೊರಗಿತ್ತು, ಆದ್ದರಿಂದ ಇದು ದೊಡ್ಡ ಹೆಜ್ಜೆಯೇ. ಆದರೆ ಆದಾಯ ಮಿತಿ ಆಗಲೂ ವರ್ಷಕ್ಕೆ ಎರಡೂವರೆ ಲಕ್ಷವೇ. ತಿಂಗಳಿಗೆ 20,833 ರೂಪಾಯಿ. ಅಪ್ಪ ಒಂದು ಕಡೆ ವಾಚ್‌ಮನ್, ಅಮ್ಮ ಗಾರ್ಮೆಂಟ್ಸ್ ಅಂದ್ರೆ ಬೆಂಗಳೂರಿನಲ್ಲಿ ಆ ಗೆರೆ ದಾಟೋಕೆ ಎಷ್ಟು ಹೊತ್ತು? ಅದೇ ಕೇಂದ್ರ ಸರ್ಕಾರ 2025ರ ಬಜೆಟ್ಟಿನಲ್ಲಿ ನಮ್ಮಂಥ ಸಂಬಳದವರಿಗೆ, ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಬೇಡ ಅಂತು. ನನಗೆ ಖುಷಿಯೇ ಆಯ್ತು, ಸುಳ್ಳು ಯಾಕೆ ಹೇಳಲಿ :-) ಆದರೆ ಹನ್ನೆರಡು ಲಕ್ಷದವನಿಗೆ ತೆರಿಗೆ ಭಾರ ಅನ್ನೋ ಕಣ್ಣಿಗೆ, ಎರಡು ಲಕ್ಷದ ಅರವತ್ತು ಸಾವಿರದವನ ಮಗಳ ಫೀಸು ಭಾರ ಅಂತ ಕಾಣಬೇಡವೇ?

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ.

ಒಬ್ಬ ಹುಡುಗಿ ಅರ್ಹಳೋ ಅಲ್ಲವೋ ಅಂತ ಹೇಳೋಕೆ ಸರ್ಕಾರಕ್ಕೆ ಏನು ಗೊತ್ತಿರಬೇಕು? ಅವಳ ಅಂಕ: ಪರೀಕ್ಷಾ ಮಂಡಳಿ ಹತ್ತಿರ ಇದೆ. ಜಾತಿ, ಆದಾಯ: ಕಂದಾಯ ಇಲಾಖೆ ಕೊಟ್ಟ ಪ್ರಮಾಣಪತ್ರದಲ್ಲೇ ಇದೆ. ಯಾವ ಕಾಲೇಜು, ಯಾವ ಕೋರ್ಸು: ವಿಶ್ವವಿದ್ಯಾಲಯದ ದಾಖಲಾತಿಯಲ್ಲಿದೆ. ಅಪ್ಪನ ಜಮೀನು: ಪಹಣಿಗಳನ್ನು ಎರಡು ಸಾವಿರದ ದಶಕದ ಶುರುವಿನಲ್ಲೇ 'ಭೂಮಿ' ತಂತ್ರಾಂಶಕ್ಕೆ ಏರಿಸಿದ ರಾಜ್ಯ ನಮ್ಮದು. ಕಾರ್ಮಿಕ ಕಾರ್ಡು ಮಂಡಳಿ ಹತ್ತಿರ, ರೇಷನ್ ಕಾರ್ಡು ಆಹಾರ ಇಲಾಖೆ ಹತ್ತಿರ. ಇಷ್ಟನ್ನೂ ಕುಟುಂಬವಾರು ಜೋಡಿಸೋಕೆ 'ಕುಟುಂಬ' ಅನ್ನೋ ವ್ಯವಸ್ಥೆಯನ್ನೂ ರಾಜ್ಯ ಸರ್ಕಾರ ಕಟ್ಟಿದೆ. ಮತ್ತೆ ಅರ್ಜಿ ಯಾಕೆ ಸ್ವಾಮಿ?

ಇದು ಕನಸಿನ ಮಾತಲ್ಲ. 2021ರಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ 'ರೈತ ವಿದ್ಯಾನಿಧಿ' ಘೋಷಿಸಿತು. ರೈತರ ಮಕ್ಕಳಿಗೆ ಪಿಯುಸಿ, ಡಿಪ್ಲೊಮಾ ಮಟ್ಟದಲ್ಲಿ ಹುಡುಗರಿಗೆ 2,500, ಹುಡುಗಿಯರಿಗೆ 3,000. ಅಲ್ಲಿಂದ ಏರುತ್ತಾ ಹೋಗಿ ಎಂಬಿಬಿಎಸ್, ಇಂಜಿನಿಯರಿಂಗ್, ಸ್ನಾತಕೋತ್ತರಕ್ಕೆ 10,000 ಮತ್ತು 11,000. ಮೊತ್ತ ದೊಡ್ಡದಲ್ಲ. ಯಾವ ಪಕ್ಷದ ಸರ್ಕಾರ ಅನ್ನೋದೂ ಇಲ್ಲಿ ನನಗೆ ಮುಖ್ಯ ಅಲ್ಲ. ಮುಖ್ಯ ಆಗೋದು ಅದರ ಹಿಂದಿನ ವಿನ್ಯಾಸ. ಕೃಷಿ ಇಲಾಖೆಯ 'ಫ್ರೂಟ್ಸ್' ದತ್ತಾಂಶದಲ್ಲಿರೋ ರೈತರನ್ನೂ ಕಾಲೇಜು ದಾಖಲಾತಿಯಲ್ಲಿರೋ ಮಕ್ಕಳನ್ನೂ ಗಣಕದಲ್ಲೇ ಜೋಡಿಸಿ ಹಣ ಕಳಿಸೋ ಪ್ರಯತ್ನ ಅದು. ಅಂದ್ರೆ ಮನಸ್ಸು ಮಾಡಿದ್ರೆ ಆಗುತ್ತೆ ಅಂತ ಇದೇ ರಾಜ್ಯ ಒಂದು ಸಲ ತೋರಿಸಿದೆ. ಒಂದು ಯೋಜನೆಗೆ ಮಾಡಿದ್ದನ್ನು ಉಳಿದವಕ್ಕೂ ಮಾಡೋಕೆ ಹೊಸ ತಂತ್ರಜ್ಞಾನ ಬೇಕಾಗಿಲ್ಲ.

ಇದಕ್ಕೆ ಮೂರು ಆಕ್ಷೇಪ ಬರುತ್ತೆ. ಒಂದೊಂದಾಗಿ ನೋಡೋಣ.

ಮೊದಲನೆಯದು: "ಕೇಳದೇ ಕೊಟ್ರೆ ಮೋಸ ಜಾಸ್ತಿಯಾಗುತ್ತೆ". ಮೋಸ ಇರೋದು ನಿಜ. 2023ರಲ್ಲಿ ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ ತನ್ನ ಸ್ಕಾಲರ್‌ಶಿಪ್ ಪಡೆಯುತ್ತಿದ್ದ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ ಅಥವಾ ಮುಚ್ಚಿಹೋದವು ಅಂತ ಕಂಡುಬಂತು. ನಷ್ಟ 144.83 ಕೋಟಿ, ತನಿಖೆ ಸಿಬಿಐಗೆ ಹೋಯ್ತು. ಆದರೆ ಗಮನಿಸಿ, ಆ ಮೋಸ ನಡೆದದ್ದು ಅರ್ಜಿ ಇದ್ದ ವ್ಯವಸ್ಥೆಯಲ್ಲೇ! ಅರ್ಜಿ ಮೋಸಗಾರನನ್ನು ತಡೆಯಲಿಲ್ಲ. ಅವನಿಗೆ ಅರ್ಜಿ ತುಂಬೋದು ಕಸುಬು, ಅವನ ಕಾಗದಪತ್ರ ಯಾವಾಗಲೂ ಸರಿಯಾಗೇ ಇರುತ್ತೆ. ಎಡವಿ ಬೀಳೋದು ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಹುಡುಗ. ಪರೀಕ್ಷಾ ಮಂಡಳಿ, ವಿಶ್ವವಿದ್ಯಾಲಯ, ಕಂದಾಯ ಮೂರೂ ಕಡೆಯ ದಾಖಲೆ ತಾಳೆಯಾದರೆ ಮಾತ್ರ ಹಣ ಹೋಗೋ ವ್ಯವಸ್ಥೆಯಲ್ಲಿ ಇಲ್ಲದ ಕಾಲೇಜಿನ ಇಲ್ಲದ ವಿದ್ಯಾರ್ಥಿಯನ್ನು ಹುಟ್ಟಿಸೋದು ಇನ್ನೂ ಕಷ್ಟ.

ಎರಡನೆಯದು: "ಖಾಸಗಿತನದ ಗತಿಯೇನು?" ಒಳ್ಳೆ ಪ್ರಶ್ನೆ, ನಮ್ಮ ಕಸುಬಿನವರು ಕೇಳಲೇಬೇಕಾದ್ದು. ಎಲ್ಲ ಇಲಾಖೆಯ ದತ್ತಾಂಶವೂ ಒಂದೇ ಕಡೆ ಸೇರೋದು ನನಗೂ ಇಷ್ಟ ಇಲ್ಲ. ಆದರೆ ಈಗಲೂ ಅದು ಜೋಡಣೆ ಆಗ್ತಾನೇ ಇದೆಯಲ್ಲ? ಆರ್‌ಡಿ ಸಂಖ್ಯೆ ಹಾಕಿದ ಕೂಡಲೇ ಆದಾಯ ಬರೋದು ಮತ್ತಿನ್ನೇನು? ತಿರಸ್ಕರಿಸೋಕೆ ಜೋಡಿಸಬಹುದು, ಕೊಡೋಕೆ ಜೋಡಿಸಬಾರದು ಅನ್ನೋ ನ್ಯಾಯ ನನಗೆ ಅರ್ಥ ಆಗಲ್ಲ. ಕಾಲೇಜಿಗೆ ಸೇರೋ ದಿನ ಒಂದು ಒಪ್ಪಿಗೆ ಕೇಳಿ. "ಸರ್ಕಾರದ ದಾಖಲೆ ನೋಡಿ ನಿನಗೆ ಸಿಗೋ ವಿದ್ಯಾರ್ಥಿವೇತನ ಯಾವುದು ಅಂತ ಹೇಳಬಹುದಾ?" ಒಂದು ಹೂಂ, ಒಂದು ಊಹೂಂ. ಬೇಡ ಅಂದವರಿಗೆ ಹಳೇ ದಾರಿ ಇರಲಿ.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ: "ಎಲ್ಲ ಅರ್ಹರೂ ಬಂದುಬಿಟ್ರೆ ದುಡ್ಡು ಎಲ್ಲಿಂದ ತರೋದು?" ನಿಜವಾದ ಗಂಟು ಇರೋದು ಇಲ್ಲೇ. ಕಟ್ಟಡ ಕಾರ್ಮಿಕರ ಮಂಡಳಿಯನ್ನೇ ನೋಡಿ. ಅದರ ಹಣ ಬರೋದು ಕಟ್ಟಡಗಳ ವೆಚ್ಚದ ಮೇಲಿನ ಶೇಕಡಾ ಒಂದರ ಸೆಸ್‌ನಿಂದ. ಅರ್ಜಿಗಳು ಹೆಚ್ಚಿದವು, ಬೋಗಸ್ ಕಾರ್ಡಿನ ದೂರೂ ಬಂತು, 2023ರ ಅಕ್ಟೋಬರ್‌ನಲ್ಲಿ ಮಕ್ಕಳ ಶೈಕ್ಷಣಿಕ ಸಹಾಯಧನವನ್ನು ತೀವ್ರವಾಗಿ ಕಡಿತ ಮಾಡಿ ಅಧಿಸೂಚನೆ ಹೊರಟಿತು. ವಿದ್ಯಾರ್ಥಿಗಳು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯ್ತು. ಇತ್ತ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ನಿಲ್ಲಿಸಿರುವುದಾಗಿ ಲೋಕಸಭೆಯಲ್ಲಿ ಹೇಳಿತು. ಕೊಡೋಕಾಗಲ್ಲ ಅಂದ್ರೆ ಹೀಗೆ ಬಹಿರಂಗವಾಗಿ ಹೇಳೋದಾದರೂ ಒಂದು ರೀತಿ, ಜನ ಜಗಳ ಆಡಬಹುದು, ಕೋರ್ಟಿಗೆ ಹೋಗಬಹುದು, ವೋಟಿನಲ್ಲಿ ತೋರಿಸಬಹುದು. ಆದರೆ ಯೋಜನೆಯನ್ನು ಕಾಗದದ ಮೇಲೆ ಉಳಿಸಿ ದಾರಿಯನ್ನು ಮಾತ್ರ ಮುಳ್ಳು ಮಾಡಿಡೋದು ಸದ್ದಿಲ್ಲದ ಕಡಿತ. ಅದರ ವಿರುದ್ಧ ಯಾರೂ ಮೊಕದ್ದಮೆ ಹೂಡೋಕಾಗಲ್ಲ. ಯಾಕಂದ್ರೆ ಕಳಕೊಂಡವನಿಗೆ ತಾನು ಕಳಕೊಂಡೆ ಅಂತಲೇ ಗೊತ್ತಿರಲ್ಲ.

ಹಾಗಾಗಿ ನನ್ನ ಬೇಡಿಕೆ ಮೂರೇ. ಕಾಲೇಜಿಗೆ ಸೇರಿದ ದಿನವೇ ಪ್ರತಿ ವಿದ್ಯಾರ್ಥಿಗೂ ಅವನು ಅರ್ಹನಾದ ಯೋಜನೆಗಳ ಪಟ್ಟಿ ಕನ್ನಡದಲ್ಲಿ ಕೈಗೆ ಸಿಗಬೇಕು. ಅರ್ಹನಾಗಿದ್ದೂ ಹಣ ತಲುಪದವರು ಎಷ್ಟು ಜನ ಅಂತ ಪ್ರತಿ ಇಲಾಖೆ ವರ್ಷಕ್ಕೊಮ್ಮೆ ಕಾಲೇಜುವಾರು ಪ್ರಕಟಿಸಬೇಕು. ಎಷ್ಟು ಜನಕ್ಕೆ ಕೊಟ್ವಿ ಅಂತ ಹೇಳಿದ್ದು ಸಾಕು, ಎಷ್ಟು ಜನಕ್ಕೆ ಕೊಡಲಿಲ್ಲ ಅಂತ ಹೇಳಲಿ. ಮತ್ತೆ, ಅರ್ಜಿ ತಿರಸ್ಕಾರ ಆದರೆ ಕಾರಣವನ್ನು ಒಂದು ವಾಕ್ಯದಲ್ಲಿ, ಎಲ್ಲಿ ಸರಿಪಡಿಸಬೇಕು ಅನ್ನೋದನ್ನು ಇನ್ನೊಂದು ವಾಕ್ಯದಲ್ಲಿ ಹುಡುಗನ ಮೊಬೈಲಿಗೆ ಕಳಿಸಬೇಕು. ನಾವು ಆಫೀಸಿನಲ್ಲಿ "ಏನೋ ತೊಂದರೆಯಾಗಿದೆ" ಅಂತ ಮಾತ್ರ ಬರೆದು ಎರರ್ ಮೆಸೇಜ್ ಕೊಟ್ರೆ ರಿವ್ಯೂನಲ್ಲಿ ಬೈಸಿಕೊಳ್ತೀವಿ ತಾನೆ?

ಅದು ಆಗೋ ತನಕ? ಆಗೋ ತನಕ ನಾವು ಇದ್ದೀವಲ್ಲ. ಕನ್ನಡ ಬರುತ್ತೆ, ಗಣಕ ಬರುತ್ತೆ, ಭಾನುವಾರ ಒಂದೆರಡು ಗಂಟೆ ಬಿಡುವೂ ಇರುತ್ತೆ. ಊರಿನ ಒಂದು ಹುಡುಗನಿಗೆ ಫೋನ್ ಮಾಡಿ ಇಷ್ಟು ಕೇಳಿ ಸಾಕು:

ಆದಾಯ ಪ್ರಮಾಣಪತ್ರದ ಐದು ವರ್ಷದ ಅವಧಿ ಮುಗಿದಿದೆಯಾ? ಮುಗಿಯೋ ಹಾಗಿದ್ರೆ ಅರ್ಜಿ ಶುರುವಾಗೋಕೆ ಮುಂಚೆಯೇ ನಾಡಕಚೇರಿಗೆ ಹೋಗಲಿ. ಆಧಾರಿನ ಹೆಸರು ಎಸ್‌ಎಸ್‌ಎಲ್‌ಸಿ ಕಾರ್ಡಿನ ಹೆಸರಿನ ಹಾಗೇ ಇದೆಯಾ? ಎನ್‌ಪಿಸಿಐ ಪಟ್ಟಿಯಲ್ಲಿರೋ ಬ್ಯಾಂಕ್ ಯಾವುದು? ಆಧಾರ್ ಜಾಲತಾಣದಲ್ಲಿ ಲಾಗಿನ್ ಆದ್ರೆ ಅಲ್ಲೇ ಕಾಣುತ್ತೆ. ಅರ್ಜಿಗೆ ಕೊಟ್ಟ ಮೊಬೈಲ್ ಸಂಖ್ಯೆ ಯಾರದ್ದು? ಸೈಬರ್ ಅಂಗಡಿಯವನು ತನ್ನ ಸಂಖ್ಯೆ ಹಾಕಿಬಿಟ್ಟಿದ್ರೆ ಮುಂದಿನ ವರ್ಷ ಓಟಿಪಿ ಅವನಿಗೆ ಹೋಗುತ್ತೆ, ಹುಡುಗ ಮತ್ತೆ ಅವನ ಅಂಗಡಿಗೇ ಹೋಗಬೇಕು. ಹಾಸ್ಟೆಲ್ ಸಿಗದೆ ರೂಮು ಮಾಡಿಕೊಂಡಿದ್ದಾನಾ? ಹಿಂದುಳಿದ ವರ್ಗದವನಾದ್ರೆ ಊಟ ವಸತಿಗೆ 'ವಿದ್ಯಾಸಿರಿ' ಇದೆ, ಬರೀ ಶುಲ್ಕದ ಅರ್ಜಿ ಹಾಕಿ ಸುಮ್ಮನಾಗಬೇಡ ಅನ್ನಿ. ಪಿಯುಸಿ ಈ ವರ್ಷ ಮುಗಿದಿದೆಯಾ? ಹಾಗಾದ್ರೆ ಕೇಂದ್ರದ ಪೋರ್ಟಲ್ಲನ್ನೂ ಒಂದು ಸಲ ನೋಡು ಅನ್ನಿ. ಕೊನೇ ದಿನಾಂಕವನ್ನು ಆ ಪೋರ್ಟಲ್ಲಿನಲ್ಲೇ ನೋಡಬೇಕು. ವಾಟ್ಸಾಪಿನಲ್ಲಿ ಬರೋ "ಇವತ್ತೇ ಕೊನೆ ದಿನ, ಇಲ್ಲಿ ಒತ್ತಿ" ಅನ್ನೋದನ್ನು ಒತ್ತಬಾರದು.

ಇಷ್ಟಕ್ಕೆ ಅರ್ಧ ಗಂಟೆ ಸಾಕು. ನಾವು ಟ್ರಾಫಿಕ್ಕಿನಲ್ಲಿ ಕಳೆಯೋದು ಇದಕ್ಕಿಂತ ಜಾಸ್ತಿ.

ಹೀಗೆ ಒಬ್ಬೊಬ್ಬರಾಗಿ ಫೋನ್ ಮಾಡಿ ಕೈಹಿಡಿಯೋದು ಸರ್ಕಾರದ ಕೆಲಸಕ್ಕೆ ಬದಲಿ ಅಲ್ಲ ಅಂತ ನನಗೂ ಗೊತ್ತು. ಐಟಿಯಲ್ಲಿರೋ ಅಣ್ಣ ಒಬ್ಬ ಇದ್ರೆ ಸ್ಕಾಲರ್‌ಶಿಪ್ ಸಿಗುತ್ತೆ, ಇಲ್ಲದಿದ್ರೆ ಇಲ್ಲ ಅನ್ನೋದಾದ್ರೆ ಅದೂ ಒಂದು ಥರ ಶಿಫಾರಸ್ಸೇ ತಾನೆ? ಅಣ್ಣ ಇಲ್ಲದ ಹುಡುಗಿಗೂ ಸಿಗೋ ಹಾಗಾಗಬೇಕು. ಆ ಒತ್ತಾಯ ನಿಲ್ಲಬಾರದು. ನಿಮ್ಮ ಶಾಸಕರಿಗೆ, ಜಿಲ್ಲಾ ಅಧಿಕಾರಿಗೆ, ಪತ್ರಿಕೆಗೆ ಬರೆಯೋವಾಗ ಈ ಒಂದು ಪ್ರಶ್ನೆ ಕೇಳಿ: "ನಿಮ್ಮ ಜಿಲ್ಲೆಯಲ್ಲಿ ಅರ್ಹರಿದ್ದೂ ಹಣ ತಲುಪದ ವಿದ್ಯಾರ್ಥಿಗಳು ಎಷ್ಟು?" ಉತ್ತರ ಇಲ್ಲ ಅಂದ್ರೆ ಅದೇ ಉತ್ತರ.

ಜಾಸ್ತಿ ಕೊರೆದೆ, ಕ್ಷಮೆ ಇರಲಿ. ನಿಮ್ಮ ಊರಲ್ಲಿ, ನಿಮ್ಮ ಮನೆಯಲ್ಲಿ ಸ್ಕಾಲರ್‌ಶಿಪ್ಪಿಗೆ ಅಲೆದ ಅನುಭವ ಇದ್ರೆ ಕೆಳಗೆ ಬರೆಯಿರಿ. ಯಾವ ಬಾಗಿಲು ತೆರೀತು, ಯಾವುದು ತೆರೀಲಿಲ್ಲ ಅಂತ. ಓದೋಕೆ ಬರೋ ಇನ್ನೊಬ್ಬರಿಗೆ ಅದೇ ದಾರಿ ಆಗಬಹುದು.

ಏನಂತೀರಿ?